ಗೇಜ್ ಸಂಖ್ಯೆಯೊಳಗಿನ ಲಾಗರಿದಮ್

ಹೈದರಾಬಾದಿನ ತಾರ್ನಾಕದಂಥ ಬಡಾವಣೆಯಲ್ಲಿ ಮೋಟಾರ್ ವೈಂಡಿಂಗ್ ಮಾಡುವವರಿಗೆ 22 ಗೇಜ್ ಎಂದರೆ 0.711 ಮಿ.ಮೀ. ದಪ್ಪದ ತಾಮ್ರದ ತಂತಿ. ಅಲ್ಲಿಯೇ ಇರುವ ಐಐಸಿಟಿಯಂಥ ಪ್ರಯೋಗಾಲಯ ಅಮೆರಿಕದಿಂದ ಉಪಕರಣ ತರಿಸಿದರೆ, ಅದರ ಕೈಪಿಡಿಯಲ್ಲಿನ 22 ಎಂದರೆ 0.644 ಮಿ.ಮೀ. ಮೊದಲಿನದು ಬ್ರಿಟನ್ನಿನ ಎಸ್‌ಡಬ್ಲ್ಯೂಜಿ, ಎರಡನೆಯದು ಅಮೆರಿಕದ ಎಡಬ್ಲ್ಯೂಜಿ. ಅಂತರ ಒಂದು ಕೂದಲಿನಷ್ಟೇ. ಆದರೆ ತಂತಿಯ ರೋಧ ವ್ಯಾಸದ ವರ್ಗಕ್ಕೆ ವಿಲೋಮವಾಗಿ ಬದಲಾಗುವುದರಿಂದ ತೆಳ್ಳನೆಯ ತಂತಿಯ ರೋಧ ಶೇ. 22ರಷ್ಟು ಹೆಚ್ಚು, ಅಷ್ಟೇ ಕರೆಂಟ್ ಹರಿದರೆ ಶಾಖವೂ ಶೇ. 22ರಷ್ಟು ಹೆಚ್ಚು. ಬೇಸಿಗೆಯಲ್ಲಿ ಬಿಡುವಿಲ್ಲದೆ ಓಡುವ ಪಂಪಿನ ಕಾಯಿಲ್‌ಗೆ ಇದು ಸಣ್ಣ ಹೊರೆಯಲ್ಲ. ಬರೀ ಗೇಜ್ ಸಂಖ್ಯೆ ಅಳತೆಯೇ ಅಲ್ಲ ಎಂಬುದನ್ನು ತಂತಿ ಕೊಳ್ಳುವ ಎಲ್ಲರೂ ತಿಳಿದಿರಬೇಕು.

ಅಳತೆಯಲ್ಲದಿದ್ದರೆ ಅದೇನು? ಉತ್ತರ ತಂತಿ ಎಳೆಯುವ ಕೆಲಸದಲ್ಲೇ ಇದೆ. ದಪ್ಪ ಸರಳನ್ನು ಒಂದೇ ಸಲಕ್ಕೆ ಸಣ್ಣ ರಂಧ್ರದಲ್ಲಿ ಎಳೆದರೆ ಅದು ತುಂಡಾಗುತ್ತದೆ. ಹೀಗಾಗಿ ಒಂದರ ನಂತರ ಒಂದು ಅಚ್ಚಿನಲ್ಲಿ, ಪ್ರತಿ ಸಲ ಇದ್ದ ದಪ್ಪದ ಒಂದಂಶವನ್ನಷ್ಟೇ ಇಳಿಸುತ್ತಾರೆ. ಎಳೆತ ಹೆಚ್ಚಿದಷ್ಟೂ ತಂತಿ ಸಣ್ಣದಾಗುತ್ತದೆ, ಸಂಖ್ಯೆ ದೊಡ್ಡದಾಗುತ್ತದೆ. ಪ್ರತಿ ಹೆಜ್ಜೆಗೂ ಒಂದೇ ಪ್ರಮಾಣದಲ್ಲಿ ಭಾಗಿಸುತ್ತ ಹೋಗುವ ಸರಣಿಯಲ್ಲಿ ಹೆಜ್ಜೆ ಎಣಿಸಲು ಲಾಗರಿದಮ್ಮಿಗಿಂತ ಒಳ್ಳೆಯ ಸಾಧನವಿಲ್ಲ. 1857ರಲ್ಲಿ ರೂಪುಗೊಂಡ ಅಮೆರಿಕದ ಗೇಜ್ ಇದನ್ನು ಚೊಕ್ಕವಾಗಿ ಪಾಲಿಸುತ್ತದೆ: ನಾಲ್ಕು ಸೊನ್ನೆಯ ತಂತಿ 0.46 ಇಂಚು, 36ರದು 0.005 ಇಂಚು, ಇವುಗಳ ಅನುಪಾತ 92, ನಡುವೆ 39 ಹೆಜ್ಜೆ. 92ರ ಲಾಗ್ ಅನ್ನು 39ರಿಂದ ಭಾಗಿಸಿದರೆ ಒಂದು ಹೆಜ್ಜೆಗೆ 0.05035. ಇನ್ನು 1 ಮಿ.ಮೀ. ತಂತಿಯ ಗೇಜ್ ಬೇಕೆನ್ನಿ. 36ನೇ ಗೇಜಿನ ವ್ಯಾಸವಾದ 0.127 ಮಿ.ಮೀ.ಯಿಂದ ಅದನ್ನು ಭಾಗಿಸಿದರೆ 7.874, ಅದರ ಲಾಗ್ 0.8962, ಅದರಲ್ಲಿ 17.8 ಹೆಜ್ಜೆಗಳಿವೆ. 36ರಲ್ಲಿ ಅಷ್ಟನ್ನು ಕಳೆದರೆ 18.2, ಅಂದರೆ 18ನೇ ಗೇಜಿಗೆ ಹತ್ತಿರ. ಗೇಜಿನಿಂದ ವ್ಯಾಸಕ್ಕೆ ಬರಲು ಇದೇ ದಾರಿಯಲ್ಲಿ ಹಿಂದೆ ನಡೆದರಾಯಿತು. ಆರು ಸಂಖ್ಯೆ ಏರಿದರೆ ವ್ಯಾಸ ಹೆಚ್ಚುಕಡಿಮೆ ಅರ್ಧವಾಗುತ್ತದೆ ಎಂಬುದನ್ನು ಬಾಯಲ್ಲೇ ಇಟ್ಟುಕೊಳ್ಳಬಹುದು.

ನಮ್ಮಲ್ಲಿ ನಡೆಯುವುದು ಬ್ರಿಟಿಷ್ ಗೇಜ್, ಅದಕ್ಕೆ ಈ ಲೆಕ್ಕ ಒಗ್ಗುವುದಿಲ್ಲ ಎಂದು ಆಕ್ಷೇಪಿಸಬಹುದು. ನಿಜವೇ. 1884ರಲ್ಲಿ ಜಾರಿಗೆ ಬಂದ ಆ ಪಟ್ಟಿಯಲ್ಲಿ 14ರಿಂದ 19ರವರೆಗೆ ಪ್ರತಿ ಹೆಜ್ಜೆಗೂ 0.008 ಇಂಚು ನೇರವಾಗಿ ಕಳೆಯುತ್ತಾರೆ. ಆದ್ದರಿಂದ 14ರಿಂದ 15ಕ್ಕೆ ಇಳಿತ ಶೇ. 10 ಇದ್ದರೆ, 18ರಿಂದ 19ಕ್ಕೆ ಶೇ. 17ರ ಹತ್ತಿರ. ಇಲ್ಲಿ ಪಟ್ಟಿಯೇ ಗತಿ. ಆದರೂ ಲಾಗ್ ನಿರರ್ಥಕವಲ್ಲ. ಪಟ್ಟಿ ಎಲ್ಲಿ ಸಮ ಪ್ರಮಾಣ ತಪ್ಪುತ್ತದೆ, ಗೇಜಿನ ಒಂದು ಸಂಖ್ಯೆ ಎಲ್ಲಿ ದುಬಾರಿಯಾಗುತ್ತದೆ ಎಂಬುದನ್ನು ತೋರಿಸಿಕೊಡುವುದು ಅದೇ.

ಈಗ ಎಲ್ಲವೂ ಮೆಟ್ರಿಕ್, ಗೇಜ್ ಮರೆತರಾಗದೇ ಎನ್ನುವವರೂ ಇದ್ದಾರೆ. ಮನೆಯ ವೈರಿಂಗಿಗೆ ಈ ಮಾತು ಒಪ್ಪುವಂಥದ್ದು, ಚದರ ಮಿ.ಮೀ. ಹೇಳಿ ಕೊಳ್ಳುವುದೇ ಸರಿ. ಆದರೆ ಹಳೆಯ ಮನೆಗಳ ಗೋಡೆಯೊಳಗೆ 3/22, ಅಂದರೆ 22 ಗೇಜಿನ ಮೂರೆಳೆಯ ವೈರು ಇನ್ನೂ ಇದೆ. ಅದು 1.19 ಚದರ ಮಿ.ಮೀ. ಎಂದು ಲೆಕ್ಕ ಹಾಕದೆ ಬದಲಿ ವೈರು ಆರಿಸುವುದು ಬರೀ ಊಹೆ. ವೈಂಡಿಂಗ್ ತಂತಿಯಂತೂ ಗೇಜ್ ಹೆಸರಲ್ಲೇ ಮಾರಾಟವಾಗುತ್ತಿದೆ. ಅಂಗಡಿಯ ಪುಸ್ತಕದಲ್ಲಿ ಗೇಜಿನ ಪಕ್ಕ ಮಿ.ಮೀ. ಬರೆಯಬೇಕು, ಸ್ಕ್ರೂ ಗೇಜಿನಲ್ಲಿ ಅಳೆಯುವಾಗ ತಂತಿಯ ಎನಾಮಲ್ ಕೆರೆದು, ತಾಮ್ರವನ್ನಷ್ಟೇ ಅಳೆಯಬೇಕು.