‘ನೀವು ನೋಡಿರ್ತೀರಿ ಅಂದ್ಕೊಂಡೆ!’

ಆಫೀಸಿನ ಇ–ಮೇಲ್ ಒಂದೇ, ನೋಡುವವರು ನಾಲ್ವರು. ಆದರೂ ಮುಖ್ಯವಾದ ಪತ್ರವೇ ಕಣ್ತಪ್ಪಿ ಹೋಗುತ್ತದೆ. ಹೊಸ ಮೇಲ್ ಬಂದದ್ದು ಎಲ್ಲರಿಗೂ ತಾನಾಗಿಯೇ ಗೊತ್ತಾಗುವಂತೆ ಮಾಡಿಕೊಳ್ಳುವುದು ಹೇಗೆ?

ನಮ್ಮ ಬಡಾವಣೆಯ ಮಹಿಳಾ ಸಂಘದಲ್ಲಿ ಹಪ್ಪಳ, ಸಂಡಿಗೆ, ಚಟ್ನಿಪುಡಿ ಮಾಡಿ ಮಾರುತ್ತೇವೆ. ಸಂಘದ ಕೋಣೆಯಲ್ಲಿ ಒಂದು ಹಳೇ ಕಂಪ್ಯೂಟರು, ಸಂಘದ ಹೆಸರಿನಲ್ಲಿ ಒಂದು ಜಿಮೇಲ್ ವಿಳಾಸ. ಪಾಸ್‌ವರ್ಡ್ ನಾಲ್ವರಿಗೆ ಗೊತ್ತು. ಗೌರಿ ಹಬ್ಬಕ್ಕೆ ಮುಂಚೆ ಕಂಪನಿಯೊಂದರವರು ‘ಸಿಬ್ಬಂದಿಗೆ ಹಂಚಲು 150 ಪೊಟ್ಟಣ ಬೇಕು, ಶುಕ್ರವಾರದೊಳಗೆ ದರ ತಿಳಿಸಿ’ ಎಂದು ಮೇಲ್ ಕಳಿಸಿದ್ದರು. ನಾವು ಅದನ್ನು ಗಮನಿಸಿದ್ದು ಮುಂದಿನ ಬುಧವಾರ! ಅಷ್ಟರಲ್ಲಿ ಅವರು ಬೇರೆ ಕಡೆ ಆರ್ಡರ್ ಕೊಟ್ಟಾಗಿತ್ತು.

“ನೀವು ನೋಡಿರ್ತೀರಿ ಅಂದ್ಕೊಂಡೆ” ಅಂದರು ಕಾರ್ಯದರ್ಶಿ. “ಅಕ್ಷರ ದಪ್ಪಗೆ ಇರ್ಲಿಲ್ವಲ್ರೀ, ಯಾರೋ ಉತ್ತರ ಕೊಟ್ಟಿದ್ದಾರೆ ಅಂತ ನಾನು ಸುಮ್ಮನಾದೆ” ಅಂದರು ಖಜಾಂಚಿ. ಕೆದಕಿ ನೋಡಿದರೆ ತಪ್ಪು ನನ್ನದೇ! ಕರೆಂಟ್ ಬಿಲ್ ಹುಡುಕುವಾಗ ಆ ಮೇಲ್ ತೆರೆದಿದ್ದೆ, ಅಷ್ಟರಲ್ಲಿ ಫೋನ್ ಬಂತು, ಮುಚ್ಚಿಟ್ಟು ಮರೆತೆ. ನನಗೇನೂ ನಷ್ಟವಾಗಲಿಲ್ಲ ಬಿಡಿ. ಆದರೆ ಹಪ್ಪಳ ಒತ್ತುವ ಇಬ್ಬರು ಹೆಂಗಸರಿಗೆ ಹಬ್ಬದ ಖರ್ಚಿಗೆ ಆಗುತ್ತಿದ್ದ ಒಂದು ವಾರದ ಕೂಲಿ ಕೈತಪ್ಪಿತು. ಅವರ ಮುಖ ನೋಡುವುದೇ ಕಷ್ಟವಾಯಿತು.

ನಿಮ್ಮಲ್ಲೂ ಹೀಗಾಗಿರಬಹುದು. ಶಾಲೆಯ ಆಫೀಸು, ಅಪಾರ್ಟ್‌ಮೆಂಟಿನ ಸಂಘ, ಬೊಟೀಕ್, ಟ್ಯೂಷನ್ ಕೇಂದ್ರ, ಎಲ್ಲೇ ಆಗಲಿ, ಹಲವರ ಮೇಲ್ ಅಂದರೆ ಯಾರ ಮೇಲೂ ಅಲ್ಲ ಎಂಬಂತಾಗುತ್ತದೆ.

ಎಡವಟ್ಟು ಆಗುವುದೆಲ್ಲಿ?

ಒಂದೇ ಖಾತೆಗೆ ನಾಲ್ವರೂ ಲಾಗಿನ್ ಆದಾಗ ಒಬ್ಬರು ಮೇಲ್ ತೆರೆದರೆ ಸಾಕು, ಎಲ್ಲರ ಕಣ್ಣಿಗೂ ಅದು ‘ಓದಿದ್ದು’ ಆಗಿಬಿಡುತ್ತದೆ. ದಪ್ಪ ಅಕ್ಷರ ತೆಳ್ಳಗಾಗುತ್ತದೆ. ಓದಿದ್ದು ಬೇರೆ, ಉತ್ತರಿಸಿದ್ದು ಬೇರೆ ಅನ್ನುವುದು ಯಂತ್ರಕ್ಕೇನು ಗೊತ್ತು? ಹಾಗಾಗಿ ಪ್ರತಿಯೊಬ್ಬರಿಗೂ ಅವರವರ ಮೇಲ್‌ಗೆ ಒಂದೊಂದು ಪ್ರತಿ ಹೋಗುವಂತೆ ಮಾಡುವುದೇ ಒಳ್ಳೆಯದು. ನೀವು ಓದಿದರೂ ಪಕ್ಕದವರ ಪ್ರತಿ ಓದದೇ ಉಳಿದಿರುತ್ತದೆ.

ಹೀಗೆ ಮಾಡಿ

ಕಂಪ್ಯೂಟರಿನಲ್ಲಿ ಕೂತೇ ಇದನ್ನು ಮಾಡಬೇಕು, ಫೋನಿನ ಜಿಮೇಲ್ ಆ್ಯಪ್‌ನಲ್ಲಿ ಆಗುವುದಿಲ್ಲ.

* ಆಫೀಸಿನ ಜಿಮೇಲ್ ತೆರೆದು ‘ಸೆಟ್ಟಿಂಗ್ಸ್’ಗೆ ಹೋಗಿ. ‘ಫಾರ್ವರ್ಡಿಂಗ್’ ಎಂಬ ವಿಭಾಗದಲ್ಲಿ ನಿಮ್ಮ ಸ್ವಂತ ವಿಳಾಸ ಸೇರಿಸಿ. ಆ ವಿಳಾಸಕ್ಕೆ ಒಂದು ದೃಢೀಕರಣದ ಮೇಲ್ ಬರುತ್ತದೆ. ಅದರಲ್ಲಿರುವ ಲಿಂಕ್ ಒತ್ತಿದರೆ ಒಪ್ಪಿಗೆ ಕೊಟ್ಟ ಹಾಗೆ.

* ಮತ್ತೆ ಅದೇ ಪುಟಕ್ಕೆ ಬಂದು, ಬರುವ ಮೇಲ್‌ಗಳ ಪ್ರತಿಯನ್ನು ನಿಮ್ಮ ವಿಳಾಸಕ್ಕೆ ಕಳಿಸುವ ಆಯ್ಕೆ ಗುರುತಿಸಿ. ಮೂಲ ಪ್ರತಿ ಇನ್‌ಬಾಕ್ಸ್‌ನಲ್ಲೇ ಉಳಿಯಲಿ ಎಂಬ ಆಯ್ಕೆಯನ್ನೇ ಇಟ್ಟುಕೊಳ್ಳಿ. ಕೊನೆಗೆ ‘ಸೇವ್ ಚೇಂಜಸ್’ ಒತ್ತಲು ಮರೆಯಬೇಡಿ. ಬಹಳ ಜನ ಎಡವುವುದು ಇಲ್ಲೇ!

* ಈ ಆಯ್ಕೆಯಲ್ಲಿ ಒಂದೇ ವಿಳಾಸಕ್ಕೆ ಜಾಗ. ಉಳಿದವರ ವಿಳಾಸಗಳನ್ನೂ ಮೊದಲು ಹೇಳಿದಂತೆ ಸೇರಿಸಿ, ದೃಢೀಕರಿಸಿ. ಆಮೇಲೆ ಒಬ್ಬೊಬ್ಬರಿಗೂ ಒಂದೊಂದು ‘ಫಿಲ್ಟರ್’ ಮಾಡಿ. ಹುಡುಕುವ ಪಟ್ಟಿಯ ಬಲತುದಿಯ ಗುರುತು ಒತ್ತಿ, ‘ಟು’ ಜಾಗದಲ್ಲಿ ಆಫೀಸಿನ ವಿಳಾಸ ಬರೆದು ‘ಕ್ರಿಯೇಟ್ ಫಿಲ್ಟರ್’ ಎನ್ನಿ. ನಂತರ ‘ಫಾರ್ವರ್ಡ್ ಇಟ್ ಟು’ ಎಂಬಲ್ಲಿ ಆಯಾ ಸದಸ್ಯೆಯ ವಿಳಾಸ ಆರಿಸಿ.

ಫೋನ್ ಟಿಣ್ ಅನ್ನಬೇಕಲ್ಲ!

ಮೇಲ್ ಬಂದರಷ್ಟೇ ಸಾಲದು, ಬಂದದ್ದು ಗೊತ್ತಾಗಬೇಕು. ಆಫೀಸಿನ ಮೇಲ್ ನಿಮ್ಮ ಸ್ವಂತ ಖಾತೆಯಲ್ಲಿ ಸೀರೆ ಅಂಗಡಿಯ ಜಾಹೀರಾತುಗಳ ನಡುವೆ ಹೂತುಹೋದರೆ ಏನು ಬಂತು? ಅದಕ್ಕೆ ನಿಮ್ಮ ಖಾತೆಯಲ್ಲೂ ಒಂದು ಫಿಲ್ಟರ್ ಮಾಡಿ. ‘ಟು’ ಜಾಗದಲ್ಲಿ ಆಫೀಸಿನ ವಿಳಾಸ ಹಾಕಿ, ಅಂಥ ಮೇಲ್‌ಗೆಲ್ಲ ‘ಸಂಘ’ ಎಂಬ ಲೇಬಲ್ ಅಂಟಿಸಿ. ಸ್ಪ್ಯಾಮ್‌ಗೆ ಕಳಿಸಬೇಡ ಎಂಬ ಆಯ್ಕೆಯನ್ನೂ ಗುರುತಿಸಿ.

ಬಳಿಕ ಆಂಡ್ರಾಯ್ಡ್ ಫೋನಿನ ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಖಾತೆ ಒತ್ತಿ ‘ಮ್ಯಾನೇಜ್ ಲೇಬಲ್ಸ್’ಗೆ ಹೋಗಿ. ಆ ಲೇಬಲ್‌ಗೆ ಮೊದಲು ‘ಸಿಂಕ್’ ಆನ್ ಮಾಡಿ, ಆಮೇಲೆ ‘ಲೇಬಲ್ ನೋಟಿಫಿಕೇಷನ್ಸ್’ ಮತ್ತು ಪ್ರತಿ ಮೇಲ್‌ಗೂ ತಿಳಿಸು ಎಂಬುದಕ್ಕೆ ಟಿಕ್ ಹಾಕಿ. ಸಂಘದ ಲೇಬಲ್‌ಗೆ ಬೇರೆಯೇ ದನಿ ಆರಿಸಿಕೊಳ್ಳಿ. ನಾನು ಗಂಟೆಯ ಸದ್ದು ಇಟ್ಟಿದ್ದೇನೆ. ಒಗ್ಗರಣೆಗೆ ಸಾಸಿವೆ ಸಿಡಿಯುವಾಗಲೂ ಕೇಳಿಸುತ್ತದೆ! ಫೋನಿನಲ್ಲಿ ಬ್ಯಾಟರಿ ಉಳಿಸುವ ವ್ಯವಸ್ಥೆ ಆನ್ ಇದ್ದರೆ ಸೂಚನೆ ತಡವಾಗಬಹುದು, ಅದನ್ನೂ ಒಮ್ಮೆ ನೋಡಿ.

ಎಲ್ಲ ಮುಗಿದ ಮೇಲೆ ಪರೀಕ್ಷೆ ಮಾಡಿ. ನಿಮ್ಮ ವಿಳಾಸದಿಂದಲೇ ಕಳಿಸಬೇಡಿ, ನೀವೇ ಕಳಿಸಿದ ಮೇಲ್ ನಿಮಗೇ ತಿರುಗಿ ಬಂದರೆ ಜಿಮೇಲ್ ಅದನ್ನು ಹೊಸದಾಗಿ ತೋರಿಸದೇ ಇರಬಹುದು. ಮಗಳ ಅಥವಾ ಯಜಮಾನರ ವಿಳಾಸದಿಂದ ಕಳಿಸಲು ಹೇಳಿ.

ಪಾಸ್‌ವರ್ಡ್ ಹಂಚಬೇಡಿ

ಉತ್ತರ ಆಫೀಸಿನ ವಿಳಾಸದಿಂದಲೇ ಹೋಗಬೇಕಲ್ಲ, ಅದಕ್ಕೆ ಪಾಸ್‌ವರ್ಡ್ ಬೇಕೇ ಬೇಕು ಅಂತೀರಾ? ಬೇಡ. ಸೆಟ್ಟಿಂಗ್ಸ್‌ನ ‘ಅಕೌಂಟ್ಸ್’ ವಿಭಾಗದಲ್ಲಿ ‘ಗ್ರಾಂಟ್ ಆ್ಯಕ್ಸೆಸ್’ ಎಂದಿದೆ. ಅಲ್ಲಿ ಸದಸ್ಯೆಯರ ಜಿಮೇಲ್ ವಿಳಾಸ ಸೇರಿಸಿದರೆ ಅವರು ತಮ್ಮ ಲಾಗಿನ್‌ನಿಂದಲೇ ಆಫೀಸಿನ ಮೇಲ್ ಓದಿ ಉತ್ತರಿಸಬಹುದು. ಪಾಸ್‌ವರ್ಡ್ ಬದಲಿಸಲು ಅವರಿಗೆ ಆಗುವುದಿಲ್ಲ. ಬೇರೆಯವರು ತೆರೆದರೂ ಮೇಲ್ ‘ಓದದ್ದು’ ಎಂದೇ ಉಳಿಯಲಿ ಎಂಬ ಆಯ್ಕೆಯೂ ಅಲ್ಲೇ ಉಂಟು. ಇದು ಮೊದಲೇ ತಿಳಿದಿದ್ದರೆ ನಮ್ಮ ಆರ್ಡರ್ ಉಳಿಯುತ್ತಿತ್ತೋ ಏನೋ!

ನೀವು ದೊಡ್ಡ ಕಂಪನಿಯಲ್ಲಿದ್ದು ಔಟ್‌ಲುಕ್ ಬಳಸುತ್ತೀರಾದರೆ ‘ಶೇರ್ಡ್ ಮೇಲ್‌ಬಾಕ್ಸ್’ ಕೇಳಿರುತ್ತೀರಿ. ಅಲ್ಲಿಯೂ ಎಲ್ಲರೂ ತಮ್ಮ ತಮ್ಮ ಲಾಗಿನ್‌ನಿಂದಲೇ ಒಳಹೋಗುತ್ತಾರೆ. ಆದರೆ ಕಂಪ್ಯೂಟರಿನ ಹಳೆಯ ಮಾದರಿಯ ಔಟ್‌ಲುಕ್‌ನಲ್ಲಿ ಹೊಸ ಮೇಲ್ ಸೂಚನೆ ಸಾಮಾನ್ಯವಾಗಿ ನಿಮ್ಮ ಸ್ವಂತ ಇನ್‌ಬಾಕ್ಸ್‌ಗೆ ಮಾತ್ರ. ಇಂಥಲ್ಲಿ ಮೈಕ್ರೋಸಾಫ್ಟ್‌ನ ‘ಪವರ್ ಆಟೊಮೇಟ್’ ಮೂಲಕ, ಶೇರ್ಡ್ ಮೇಲ್‌ಬಾಕ್ಸ್‌ಗೆ ಮೇಲ್ ಬಂದಾಗಲೆಲ್ಲ ‘ಟೀಮ್ಸ್’ನಲ್ಲಿ ಸಂದೇಶ ಬರುವಂತೆ ಮಾಡಬಹುದು. ನಿಮ್ಮ ಕಂಪ್ಯೂಟರ್ ವಿಭಾಗದವರನ್ನು ಕೇಳಿ ಮಾಡಿಸಿಕೊಳ್ಳಿ. ಕಂಪನಿಯ ಮೇಲ್ ಅನ್ನು ಸ್ವಂತ ಖಾತೆಗೆ ಮಾತ್ರ ಅನುಮತಿಯಿಲ್ಲದೆ ತಿರುಗಿಸಬೇಡಿ. ಅದರಲ್ಲಿ ಗ್ರಾಹಕರ ಫೋನು, ವಿಳಾಸ ಎಲ್ಲ ಇರುತ್ತದೆ.

ನೆನಪಿರಲಿ

* ಸ್ಪ್ಯಾಮ್‌ಗೆ ಬಿದ್ದ ಮೇಲ್ ಫಾರ್ವರ್ಡ್ ಆಗುವುದಿಲ್ಲ. ಆಫೀಸಿನ ಸ್ಪ್ಯಾಮ್ ಡಬ್ಬಿಯನ್ನು ಆಗಾಗ ಇಣುಕಿ ನೋಡಿ.

* ಯಾರಾದರೂ ಕೆಲಸ ಬಿಟ್ಟರೆ ಅದೇ ದಿನ ಅವರ ವಿಳಾಸ, ಫಿಲ್ಟರ್ ಎರಡನ್ನೂ ತೆಗೆಯಿರಿ. ಪಾಸ್‌ವರ್ಡ್ ಗೊತ್ತಿದ್ದರೆ ಬದಲಿಸಿ.

* ಸೋಮವಾರ ಒಬ್ಬರು, ಮಂಗಳವಾರ ಇನ್ನೊಬ್ಬರು ಎಂದು ಉತ್ತರಿಸುವ ಸರದಿ ಹಾಕಿಕೊಳ್ಳಿ. ಉತ್ತರ ಕೊಟ್ಟವರು ಉಳಿದವರಿಗೂ ಒಂದು ಪ್ರತಿ ಕಳಿಸಲಿ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ಗಂಟೆ ನಾಲ್ಕು ಮನೆಯಲ್ಲಿ ಬಾರಿಸಿದರೂ ಬಾಗಿಲು ತೆರೆಯುವವರು ಒಬ್ಬರು ಬೇಕು ತಾನೇ? ನಮ್ಮ ಸಂಘದ ಗೋಡೆಯ ಕ್ಯಾಲೆಂಡರಿನಲ್ಲಿ ಈಗ ಹಾಲಿನ ಲೆಕ್ಕದ ಪಕ್ಕದಲ್ಲೇ ಮೇಲ್ ಸರದಿಯ ಹೆಸರುಗಳಿವೆ. ಹೋದ ವಾರ ಮದುವೆ ಮನೆಯೊಂದರಿಂದ ಸಂಡಿಗೆಗೆ ವಿಚಾರಣೆ ಬಂತು. ಅರ್ಧ ಗಂಟೆಯೊಳಗೆ ದರಪಟ್ಟಿ ಹೋಯಿತು. ಅವತ್ತಿನ ಸರದಿ ನನ್ನದೇ ಆಗಿತ್ತು!