ಬಾಲ್ಕನಿಯತ್ತ ದುರ್ಬೀನು

ಅಮೆರಿಕದ ಕಲಾವಿದೆ ಮೇರಿ ಕಸ್ಯಾಟ್ 1878ರಲ್ಲಿ ಬರೆದ ಚಿತ್ರವೊಂದು ಬಾಸ್ಟನ್ನಿನ ಲಲಿತಕಲಾ ಮ್ಯೂಸಿಯಂನಲ್ಲಿದೆ. ಪ್ಯಾರಿಸ್ಸಿನ ರಂಗಮಂದಿರದ ಬಾಕ್ಸಿನಲ್ಲಿ ಕಪ್ಪುಡುಗೆಯ ಹೆಂಗಸೊಬ್ಬಳು ದುರ್ಬೀನಿಗೆ ಕಣ್ಣು ಹಚ್ಚಿ ಕೂತಿದ್ದಾಳೆ. ದೂರದ ಇನ್ನೊಂದು ಬಾಕ್ಸಿನಲ್ಲಿ ಗಂಡಸೊಬ್ಬ ಕಟಾಂಜನದಾಚೆ ಬಾಗಿ ತನ್ನ ದುರ್ಬೀನನ್ನು ಅವಳ ಮೇಲೇ ನೆಟ್ಟಿದ್ದಾನೆ. ರಂಗ ಮಾತ್ರ ಚಿತ್ರದಲ್ಲಿ ಎಲ್ಲೂ ಇಲ್ಲ. ಫ್ರೆಂಚ್ ಕಲಾವಿದ ರೆನ್ವಾರ್‌ನ 'ಲಾ ಲೋಜ್' (1874) ಚಿತ್ರದಲ್ಲೂ ಅದೇ ಕಥೆ: ಮುತ್ತಿನ ಸರದವಳು ದುರ್ಬೀನು ಕೆಳಗಿಳಿಸಿ ನೋಡಿಸಿಕೊಳ್ಳಲೆಂದೇ ಕೂತಂತಿದ್ದಾಳೆ, ಹಿಂದಿನ ಗಂಡಸಿನ ದೃಷ್ಟಿ ಮೇಲೆ, ಯಾವುದೋ ಬಾಲ್ಕನಿಯತ್ತ.

ಇದು ಕಲಾವಿದರ ಚೇಷ್ಟೆಯಲ್ಲ, ಕಟ್ಟಡ ಇದ್ದದ್ದೇ ಹಾಗೆ. ಕುದುರೆಲಾಳದ ಆಕಾರದ ಸಭಾಂಗಣ, ಗೋಡೆಗುಂಟ ಒಂದರ ಮೇಲೊಂದು ಸಾಲು ಬಾಕ್ಸುಗಳು. ಪಕ್ಕದ ಬಾಕ್ಸಿನವರಿಗೆ ರಂಗ ಅರ್ಧ ಕಂಡರೆ ಹೆಚ್ಚು. ಎದುರಿನವರ ಒಡವೆ ಮಾತ್ರ ಪೂರ್ತಿ ಕಾಣುತ್ತಿತ್ತು. ಆಟ ನಡೆಯುವಾಗಲೂ ಸಭಾಂಗಣದ ಗ್ಯಾಸ್ ದೀಪಗಳನ್ನು ಪೂರ್ತಿ ಆರಿಸುತ್ತಿರಲಿಲ್ಲ.

ನಮ್ಮ ಕಂಪನಿ ನಾಟಕಗಳಲ್ಲಿ ಕಡಿಮೆ ದುಡ್ಡಿನವರಿಗೆ ರಂಗದ ಮುಂದಿನ ನೆಲವಾದರೂ ಸಿಗುತ್ತಿತ್ತು. ಪ್ಯಾರಿಸ್ಸಿನ ಬಡವ ಮೆಟ್ಟಿಲು ಹತ್ತಿ ಹತ್ತಿ ಸೂರಿನಡಿಯ ಗ್ಯಾಲರಿ ಸೇರಬೇಕಿತ್ತು. ಫ್ರೆಂಚ್ ಕಲಾವಿದ ಬ್ವಾಯಿ 1819ರಲ್ಲಿ ಬರೆದ ಚಿತ್ರದಲ್ಲಿ, ಪುಕ್ಕಟೆ ಆಟದ ದಿನ ರಂಗಮಂದಿರದ ಬಾಗಿಲಲ್ಲಿ ಇಂಥವರದೇ ನೂಕುನುಗ್ಗಲು, ಒಬ್ಬರ ಮೇಲೊಬ್ಬರು. ಇಂಥ ಜನರನ್ನು ಇನ್ನೊಬ್ಬ ಕಲಾವಿದ ದೋಮಿಯೇ ಒಳಗೆ ಕೂರಿಸಿದ: 'ಲ ದ್ರಾಮ್' ಚಿತ್ರದಲ್ಲಿ ಜನ ಬಾಯಿ ತೆರೆದು, ಕತ್ತು ಚಾಚಿ ರಂಗವನ್ನೇ ನುಂಗುವಂತೆ ನೋಡುತ್ತಾರೆ. ಈ ಚಿತ್ರಗಳಲ್ಲೆಲ್ಲ ನಿಜವಾಗಿ ನಾಟಕ ನೋಡಲು ಬಂದವರು ಇವರೇ ಅನ್ನಿಸುತ್ತದೆ.

1875ರಲ್ಲಿ ತೆರೆದ, ಶಾರ್ಲ್ ಗಾರ್ನಿಯೇ ಕಟ್ಟಿದ ಒಪೆರಾ ಭವನದಲ್ಲಿ ಮೇಲು–ಕೀಳು ಬಾಗಿಲಿನಿಂದಲೇ ಶುರು. ಒಪೆರಾಕ್ಕೆ ಚಂದಾ ಕಟ್ಟಿದ ಶ್ರೀಮಂತರ ಗಾಡಿಗಳಿಗೆ ಪೂರ್ವದ ಬದಿಯಲ್ಲಿ ಬೇರೆ ಪ್ರವೇಶ. ರಂಗದ ಹಿಂದಿನ ನರ್ತಕಿಯರ ಕೋಣೆಗೂ ಅವರು ಹೋಗಬಹುದಿತ್ತು. ಕಲಾವಿದ ದೆಗಾನ ಚಿತ್ರಗಳಲ್ಲಿ ಸೈಡ್‌ವಿಂಗ್ ಬಳಿ ಕರಿಕೋಟಿನ ಗಂಡಸರು ಸುಳಿದಾಡುವುದು ಅದಕ್ಕೇ. 'ಲೆತ್ವಾಲ್'ನಲ್ಲಿ ನರ್ತಕಿಯ ಹಿಂದೆ ನಿಂತವನ ತಲೆಯನ್ನು ಸೀನಿನ ಪರದೆ ಮುಚ್ಚಿಬಿಟ್ಟಿದೆ. ಹೆಸರಿಲ್ಲದ ಆ ಕೋಟಿಗಿಂತ ಕಟುವಾದ ಟೀಕೆ ಬೇಕೆ?

ಎಲ್ಲರಿಗಿಂತ ಮೇಲಿನವನ ಬಾಗಿಲು ಪಶ್ಚಿಮಕ್ಕಿತ್ತು. 1858ರಲ್ಲಿ ಹಳೆಯ ಒಪೆರಾದ ಮುಂದೆ ಚಕ್ರವರ್ತಿ ಮೂರನೇ ನೆಪೋಲಿಯನ್ನನ ಗಾಡಿಯ ಮೇಲೆ ಬಾಂಬ್ ಎಸೆದಿದ್ದರು. ಹಾಗಾಗಿ ಹೊಸ ಭವನದಲ್ಲಿ ಅವನ ಗಾಡಿ ನೇರ ಮೇಲಕ್ಕೇ ಹತ್ತುವಂತೆ ಇಳಿಜಾರು ಹಾದಿ ಮಾಡಿದರು. ಆದರೆ 1870ರಲ್ಲಿ ಪಟ್ಟ ಹೋಯಿತು, 1873ರಲ್ಲಿ ಅವನೂ ಹೋದ. ಚಕ್ರವರ್ತಿಗೆಂದು ಕಟ್ಟಿದ ಆ ಭಾಗದಲ್ಲಿ ಈಗ ಒಪೆರಾದ ಗ್ರಂಥಾಲಯ ಮತ್ತು ಮ್ಯೂಸಿಯಂ ಇವೆ.