ಕಾಲಿಗೂ ಬೇಕು ಕೊಂಚ ವಿಶ್ರಾಂತಿ

ಮನೆಯೊಡತಿಯ ದಿನ ಆರಂಭವಾಗುವುದು ಕಾಲಿನ ಮೇಲೆ, ಮುಗಿಯುವುದೂ ಕಾಲಿನ ಮೇಲೆಯೇ. ಬೆಳಗಿನ ಜಾವ ಒಲೆ ಹಚ್ಚಿದವಳು ಮಕ್ಕಳ ತಿಂಡಿ, ಬುತ್ತಿ, ಪಾತ್ರೆ, ಬಟ್ಟೆ, ಮಧ್ಯಾಹ್ನದ ಅಡುಗೆ ಎಂದು ನಿಂತೇ ಇರುತ್ತಾಳೆ. ರಾತ್ರಿ ಎಲ್ಲರ ಊಟವಾಗಿ ಅಡುಗೆ ಮನೆ ಒರೆಸಿ ಬರುವಷ್ಟರಲ್ಲಿ ಪಾದಗಳು ಭಾರವಾಗಿರುತ್ತವೆ. ಬೆಳಿಗ್ಗೆ ಸಲೀಸಾಗಿದ್ದ ಚಪ್ಪಲಿ ಸಂಜೆಗೆ ಬಿಗಿಯುತ್ತದೆ. "ವಯಸ್ಸಾಯಿತಲ್ಲ, ಇದೆಲ್ಲ ಇದ್ದದ್ದೇ" ಎಂದು ಹೆಚ್ಚಿನವರು ಸುಮ್ಮನಾಗುತ್ತಾರೆ.

ಇದಕ್ಕೆ ಖರ್ಚಿಲ್ಲದ ಒಂದು ಉಪಾಯವಿದೆ. ದಿನಾಲೂ ಸ್ವಲ್ಪ ಹೊತ್ತು ಮಲಗಿ, ಕಾಲುಗಳನ್ನು ಎದೆಗಿಂತ ಎತ್ತರದಲ್ಲಿ ಇಟ್ಟುಕೊಳ್ಳುವುದು. ವೈದ್ಯರೂ ಇದನ್ನೇ ಹೇಳುತ್ತಾರೆ. ಆದರೆ ಇದು ಎಲ್ಲರಿಗೂ, ಎಲ್ಲ ಬಾವಿಗೂ ಹೊಂದುವ ಮದ್ದಲ್ಲ. ಎಲ್ಲಿ ಉಪಯೋಗ, ಎಲ್ಲಿ ಅಪಾಯ ಎಂಬುದನ್ನು ತಿಳಿದಿರಬೇಕು.

ರಕ್ತ ಮೇಲೇರುವ ಬಗೆ

ಹೃದಯದಿಂದ ಪಾದಕ್ಕೆ ರಕ್ತ ಇಳಿಯುವುದು ಸುಲಭ. ಅಲ್ಲಿಂದ ಹೃದಯಕ್ಕೆ ಮರಳುವುದು ಕಷ್ಟ, ಏಕೆಂದರೆ ಅದು ಮೇಲಕ್ಕೆ ಹತ್ತಬೇಕು. ರಕ್ತವನ್ನು ಮರಳಿ ಒಯ್ಯುವ ಅಭಿಧಮನಿಗಳ ಒಳಗೆ ಅಲ್ಲಲ್ಲಿ ಪುಟ್ಟ ಕವಾಟಗಳಿವೆ. ಇಟಲಿಯ ಪಡುವಾದಲ್ಲಿ ಬೋಧಿಸುತ್ತಿದ್ದ ಫ್ಯಾಬ್ರಿಸಿಯಸ್ 1603ರಲ್ಲಿ ಈ ಕವಾಟಗಳ ಬಗ್ಗೆ ಪುಸ್ತಕ ಪ್ರಕಟಿಸಿದರು. ಅವು ರಕ್ತವನ್ನು ಹೃದಯದ ಕಡೆಗೆ ಮಾತ್ರ ಬಿಡುತ್ತವೆ, ಹಿಂದಕ್ಕೆ ಬಿಡುವುದಿಲ್ಲ ಎಂದು 1628ರಲ್ಲಿ ವಿವರಿಸಿದವರು ಅವರದೇ ಶಿಷ್ಯ ವಿಲಿಯಂ ಹಾರ್ವೆ.

ಕವಾಟವಿದ್ದರೆ ಸಾಲದು, ರಕ್ತವನ್ನು ಮೇಲಕ್ಕೆ ತಳ್ಳುವ ಶಕ್ತಿಯೂ ಬೇಕು. ಆ ಕೆಲಸ ಮೀನಖಂಡದ ಸ್ನಾಯುಗಳದ್ದು. ನಡೆಯುವಾಗ ಅವು ಹಿಂಡಿದಂತಾಗಿ ರಕ್ತ ಮೇಲೇರುತ್ತದೆ. ಆದ್ದರಿಂದಲೇ ಮೀನಖಂಡವನ್ನು ಎರಡನೆಯ ಹೃದಯ ಎನ್ನುವುದುಂಟು. ಅಲುಗಾಡದೆ ನಿಂತಾಗ ಪಾದದ ಗಂಟಿನ ಬಳಿಯ ಅಭಿಧಮನಿಯಲ್ಲಿ ಒತ್ತಡ ಸುಮಾರು 90 ಮಿಲಿಮೀಟರ್ ಪಾದರಸದಷ್ಟು ಇರುತ್ತದೆ. ನಡೆಯತೊಡಗಿದರೆ ಅದೇ ಒತ್ತಡ 30ರ ಆಸುಪಾಸಿಗೆ ಇಳಿಯುತ್ತದೆ.

ಅಡುಗೆ ಮನೆಯಲ್ಲಿ ನಾವು ನಡೆಯುವುದು ಕಡಿಮೆ, ನಿಲ್ಲುವುದೇ ಹೆಚ್ಚು. ಕರಾವಳಿಯಲ್ಲಿ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುವ ಸಹೋದರಿಯರು ಕಾಲು ಮಡಚಿ ಗಂಟೆಗಟ್ಟಲೆ ಕುಳಿತಿರುತ್ತಾರೆ. ಹೊಲಿಗೆ ಯಂತ್ರದ ಮುಂದೆ, ಕಂಪ್ಯೂಟರಿನ ಮುಂದೆ ಕುಳಿತವರದ್ದೂ ಇದೇ ಕಥೆ. ನಿಂತಿರಲಿ, ಕುಳಿತಿರಲಿ, ಮೀನಖಂಡ ಕೆಲಸ ಮಾಡದಿದ್ದರೆ ರಕ್ತ ಕೆಳಗೆ ತಂಗುತ್ತದೆ, ಅದರ ನೀರಿನಂಶ ಹೊರಜಿನುಗಿ ಪಾದ ಬಾತುಕೊಳ್ಳುತ್ತದೆ.

ವರ್ಷಗಟ್ಟಲೆ ಹೀಗೇ ನಡೆದರೆ ಕವಾಟಗಳು ಸಡಿಲವಾಗಬಹುದು. ನೀಲಿ ನಾಳಗಳು ಹಾವಿನಂತೆ ಉಬ್ಬಿ ಕಾಣಿಸುತ್ತವೆ. ಇದನ್ನೇ ವೆರಿಕೋಸ್ ವೇನ್ ಎನ್ನುವುದು. ಹೆರಿಗೆಗಳು, ಬೊಜ್ಜು, ವಯಸ್ಸು, ವಂಶದ ಗುಣ ಇವೂ ಕಾರಣವಾಗುತ್ತವೆ. ಆಗಲೂ ಗಮನ ಕೊಡದಿದ್ದರೆ ಪಾದದ ಗಂಟಿನ ಮೇಲ್ಭಾಗದ ಚರ್ಮ ಕಂದು ಬಣ್ಣಕ್ಕೆ ತಿರುಗಿ ತುರಿಸತೊಡಗುತ್ತದೆ. ಕೊನೆಗೆ ಅಲ್ಲಿ ಹುಣ್ಣಾಗಿ ತಿಂಗಳುಗಟ್ಟಲೆ ಮಾಯದೆ ಕಾಡುವುದುಂಟು.

ಏನು ಪ್ರಯೋಜನ?

ಕಾಲು ಎದೆಗಿಂತ ಮೇಲಿದ್ದಾಗ ಹತ್ತಬೇಕಾಗಿದ್ದ ರಕ್ತಕ್ಕೆ ಇಳಿಜಾರು ಸಿಗುತ್ತದೆ. ಪಾದದ ಒತ್ತಡ ಕಡಿಮೆಯಾಗುತ್ತದೆ, ತಂಗಿದ್ದ ನೀರು ಮರಳಿ ರಕ್ತವನ್ನು ಸೇರುತ್ತದೆ. ಬಾವು ಇಳಿದು ಸೆಳೆತ, ಭಾರ ಕಡಿಮೆಯಾಗುತ್ತದೆ. ಕಾಲಿನ ಹುಣ್ಣಿಗೆ ವೈದ್ಯರು ಬಿಗಿಪಟ್ಟಿ ಕಟ್ಟಿದಾಗ ಜೊತೆಗೆ ಕಾಲೆತ್ತಿಡಲು ಹೇಳುವುದೂ ಈ ಕಾರಣಕ್ಕೇ. ಆದರೆ ಒಮ್ಮೆ ಕೆಟ್ಟ ಕವಾಟವನ್ನು ಇದು ಸರಿಪಡಿಸಲಾರದು. ಉಬ್ಬಿದ ನಾಳ ಮಾಯವಾಗುತ್ತದೆಂಬ ಆಸೆಯೂ ಬೇಡ. ಅದಕ್ಕೆ ಬೇರೆಯೇ ಚಿಕಿತ್ಸೆಗಳಿವೆ.

ಆನೆಕಾಲು ರೋಗದಿಂದ ಬಾತ ಕಾಲಿಗೂ ಇದು ಹಿತ. ದಿನಾಲೂ ಸಾಬೂನು ಹಚ್ಚಿ ತೊಳೆದು, ಬೆರಳ ಸಂದುಗಳನ್ನು ಚೆನ್ನಾಗಿ ಒರೆಸಿ, ಪಾದ ಆಡಿಸುತ್ತಾ, ಬಿಡುವಿದ್ದಾಗಲೆಲ್ಲ ಕಾಲನ್ನು ಎತ್ತರದಲ್ಲಿಡಬೇಕು. ಹೀಗೆ ಮಾಡಿದರೆ ಪದೇ ಪದೇ ಬರುವ ಜ್ವರ ಮತ್ತು ನೋವು ಕಡಿಮೆಯಾಗುತ್ತದೆ.

ಮಾಡುವ ವಿಧಾನ

* ಚಾಪೆ ಅಥವಾ ಮಂಚದ ಮೇಲೆ ಅಂಗಾತ ಮಲಗಿ. ಮೀನಖಂಡದ ಕೆಳಗೆ ಎರಡು ಮೂರು ದಿಂಬು ಇಡಿ. ಹಿಮ್ಮಡಿ ಎದೆಗಿಂತ ಮೇಲಿರಲಿ, ಮಂಡಿ ತುಸು ಮಡಚಿರಲಿ.
* ಕುರ್ಚಿಯಲ್ಲಿ ಕುಳಿತು ಸ್ಟೂಲಿನ ಮೇಲೆ ಕಾಲಿಟ್ಟರೆ ಸ್ವಲ್ಪ ಹಾಯೆನಿಸಬಹುದು. ಆದರೆ ಕಾಲು ಎದೆಗಿಂತ ಕೆಳಗೇ ಇರುವುದರಿಂದ ಪೂರ್ಣ ಪ್ರಯೋಜನವಿಲ್ಲ.
* ಗೋಡೆಗೆ ಕಾಲು ಚಾಚಿಯೂ ಮಲಗಬಹುದು. ಕಿಬ್ಲಾದ ಕಡೆಗೆ ಕಾಲು ಚಾಚಲು ಮನಸ್ಸು ಒಪ್ಪದಿದ್ದರೆ ಬೇರೆ ಗೋಡೆ ಆರಿಸಿಕೊಳ್ಳಿ.
* ಒಂದು ಸಲಕ್ಕೆ 15 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ ಆದರೆ ಒಳ್ಳೆಯದು. ಅಷ್ಟು ಬಿಡುವಿಲ್ಲದವರು ಅಸ್ರ್ ಬಾಂಗಿಗೆ ಮೊದಲು ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆಯಾದರೂ ಮಾಡಲಿ.
* ಮಲಗಿದ್ದಾಗ ಪಾದವನ್ನು ಮುಂದಕ್ಕೂ ಹಿಂದಕ್ಕೂ ಆಡಿಸಿ. ಊಟವಾದ ಕೂಡಲೇ ಬೇಡ, ಎದೆಯುರಿ ಬರಬಹುದು. ಏಳುವಾಗ ಮಗ್ಗುಲಾಗಿ ನಿಧಾನಕ್ಕೆ ಏಳಿ.

ಇದರ ಜೊತೆಗೆ ನಡಿಗೆಯೂ ಬೇಕು. ಒಲೆಯ ಮುಂದೆ ನಿಂತಾಗ ಆಗಾಗ ಹಿಮ್ಮಡಿ ಎತ್ತಿ ಇಳಿಸಿದರೂ ಮೀನಖಂಡಕ್ಕೆ ಕೆಲಸ ಸಿಗುತ್ತದೆ. ಗಲ್ಫ್‌ಗೆ ವಿಮಾನದಲ್ಲಿ ಅಥವಾ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗುವವರಿಗೂ ಇದು ಅನ್ವಯಿಸುತ್ತದೆ. ನಾಲ್ಕು ಗಂಟೆಗಿಂತ ಹೆಚ್ಚು ಕುಳಿತೇ ಪ್ರಯಾಣಿಸಿದರೆ ನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸುಮಾರು ಎರಡು ಪಟ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ತಿಳಿಸಿತ್ತು. ಆರೋಗ್ಯವಂತರಲ್ಲಿ ಈ ಅಪಾಯ ಬಹಳ ಕಡಿಮೆಯೇ. ಆದರೂ ನಡುನಡುವೆ ಎದ್ದು ಓಡಾಡುವುದು, ಪಾದ ಆಡಿಸುವುದು ಜಾಣತನ.

ಇಲ್ಲಿ ಎಚ್ಚರ ಬೇಕು

ಒಂದೇ ಕಾಲು ಬಾತು, ಮೀನಖಂಡ ನೋಯುತ್ತಾ ಬಿಸಿಯಾಗಿದ್ದರೆ ದಿಂಬು ಹುಡುಕುತ್ತಾ ಕೂರಬೇಡಿ. ಎಣ್ಣೆ ಹಚ್ಚಿ ತಿಕ್ಕಲೂ ಬೇಡಿ. ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಸಂಚಕಾರ. ಜೊತೆಗೆ ಉಸಿರಾಟದ ತೊಂದರೆ ಅಥವಾ ಎದೆನೋವು ಬಂದರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬಾಣಂತಿಯರಲ್ಲಿ ಈ ಅಪಾಯ ಹೆಚ್ಚು. ಹೆರಿಗೆಯಾದ ಮೇಲೆ ಅಲುಗಾಡದೆ ಮಲಗಿಸಿಯೇ ಇಡುವ ಮನೆಗಳಲ್ಲಿ ಹಿರಿಯರು ಇದನ್ನು ನೆನಪಿಡಬೇಕು.

ಮಲಗಿದರೆ ಉಸಿರುಗಟ್ಟುವವರು, ಹೃದಯದ ತೊಂದರೆಯಿರುವವರು ವೈದ್ಯರನ್ನು ಕೇಳದೆ ಕಾಲು ಎತ್ತಿಡಬಾರದು. ಕಾಲಿನಿಂದ ಮರಳುವ ರಕ್ತ ದಣಿದ ಹೃದಯಕ್ಕೆ ಹೊರೆಯಾಗುತ್ತದೆ. ಇನ್ನು ಕೆಲವರಿಗೆ, ಮುಖ್ಯವಾಗಿ ಸಕ್ಕರೆ ಕಾಯಿಲೆಯವರಿಗೆ ಮತ್ತು ಬೀಡಿ ಸಿಗರೇಟು ಸೇದುವವರಿಗೆ, ಕಾಲಿಗೆ ರಕ್ತ ತರುವ ಅಪಧಮನಿಯೇ ಕಿರಿದಾಗಿರುತ್ತದೆ. ಇವರಿಗೆ ಕಾಲೆತ್ತಿದರೆ ಪಾದ ಬಿಳಿಚಿ ನೋವು ಹೆಚ್ಚುತ್ತದೆ, ಇಳಿಬಿಟ್ಟರೆ ಹಾಯೆನಿಸುತ್ತದೆ. ಅಂಥವರಿಗೆ ಈ ಉಪಾಯ ಸಲ್ಲದು.

ಗರ್ಭಿಣಿಯರ ಪಾದ ಬಾಯುವುದು ಸಾಮಾನ್ಯ. ಕೊನೆಯ ತಿಂಗಳುಗಳಲ್ಲಿ ಅವರು ಅಂಗಾತ ಮಲಗುವ ಬದಲು ಎಡ ಮಗ್ಗುಲಾಗಿ ಮಲಗಿ ಕಾಲ ಕೆಳಗೆ ದಿಂಬು ಇಡಲಿ. ಆದರೆ ಮುಖ, ಕೈಗಳೂ ಏಕಾಏಕಿ ಬಾತು, ತಲೆನೋವು ಬಂದು, ಕಣ್ಣು ಮಂಜಾದರೆ ಅದು ರಕ್ತದೊತ್ತಡ ಏರಿದ ಸೂಚನೆಯಾಗಿರಬಹುದು. ತಾಯಿ, ಮಗು ಇಬ್ಬರಿಗೂ ಅಪಾಯ. ಅಂದೇ ವೈದ್ಯರನ್ನು ಕಾಣಬೇಕು.

ಎರಡೂ ಕಾಲು ದಿನವಿಡೀ ಬಾತೇ ಇದ್ದರೆ ಮೂತ್ರಪಿಂಡ, ಯಕೃತ್ತು, ಥೈರಾಯ್ಡ್‌ಗಳನ್ನು ಪರೀಕ್ಷಿಸಬೇಕಾಗಬಹುದು. ರಕ್ತದೊತ್ತಡಕ್ಕೆ ಕೊಡುವ ಅಮ್ಲೋಡಿಪಿನ್ ಮಾತ್ರೆಯಿಂದಲೂ ಪಾದ ಬಾಯುವುದುಂಟು. ಹಾಗೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು.

ಕುಳಿತುಕೊಳ್ಳುವ ಹಕ್ಕು

ನೆರೆಯ ಕೇರಳದ ಬಟ್ಟೆ ಅಂಗಡಿಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ದಿನವಿಡೀ ಕುಳಿತುಕೊಳ್ಳಲು ಅವಕಾಶವಿರಲಿಲ್ಲ. ಕಲ್ಲಿಕೋಟೆಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ಪಿ. ವಿಜಿ ಇವರನ್ನು ಸಂಘಟಿಸಿ ಹೋರಾಡಿದರು. ಫಲವಾಗಿ 2018ರಲ್ಲಿ ಕೇರಳ ಸರಕಾರ ಕಾನೂನು ತಿದ್ದುಪಡಿ ಮಾಡಿ, ಅಂಗಡಿ ಕೆಲಸಗಾರರಿಗೆ ಆಸನ ಒದಗಿಸುವುದನ್ನು ಕಡ್ಡಾಯಗೊಳಿಸಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು.

ಅಂಗಡಿಯ ಹೆಣ್ಣಿಗೆ ಕುರ್ಚಿ ಕೊಡಿಸಲು ಕಾನೂನು ಬಂತು. ಅಡುಗೆ ಮನೆಯ ಹೆಣ್ಣಿಗೆ ಅದನ್ನು ಮನೆಯವರೇ ಕೊಡಬೇಕು. ಮಾವನವರ ಮುಂದೆ ಕಾಲು ಚಾಚಲು ಸೊಸೆಗೆ ಸಂಕೋಚ. ಹಗಲಲ್ಲಿ ಮಲಗಿದರೆ "ಸೋಮಾರಿ" ಎಂಬ ಮಾತು ಬರುತ್ತದೆಂಬ ಭಯ. ಕಾಲು ಬಾತಿದ್ದನ್ನು ಬಾಯಿಬಿಟ್ಟು ಹೇಳದೆ, ಹುಣ್ಣಾದ ಮೇಲೆ ಆಸ್ಪತ್ರೆಗೆ ಹೋಗುವವರು ಇರುವುದು ಇದರಿಂದಲೇ. ದಿನಕ್ಕೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ಆರೈಕೆಗೆ ಆಮೇಲೆ ತಿಂಗಳುಗಳೇ ಬೇಕಾಗುತ್ತವೆ.

ತರಕಾರಿ ಹೆಚ್ಚುವುದು, ಸೊಪ್ಪು ಬಿಡಿಸುವುದು ಕುಳಿತು ಮಾಡಬಹುದಾದ ಕೆಲಸಗಳು. ಅಡುಗೆ ಮನೆಯಲ್ಲಿ ಒಂದು ಸ್ಟೂಲ್ ಇರಲಿ. ಮಧ್ಯಾಹ್ನದ ಪಾತ್ರೆ ತೊಳೆಯುವುದನ್ನು ಮಕ್ಕಳು ಕಲಿಯಲಿ, ಗಂಡುಮಕ್ಕಳೂ ಸಹ. ಅತ್ತೆಯೇ ಮುಂದಾಗಿ "ಹೋಗಮ್ಮಾ, ಬಾಗಿಲು ಹಾಕಿ ಸ್ವಲ್ಪ ಕಾಲು ಚಾಚು" ಎಂದರೆ ಸೊಸೆಯ ಅರ್ಧ ದಣಿವು ಅಲ್ಲೇ ಇಳಿಯುತ್ತದೆ. ಸಂಜೆ ಮನೆಗೆ ಬಂದ ಪತಿ ಚಹಾ ಕೇಳುವ ಮೊದಲು ಒಮ್ಮೆ ಪತ್ನಿಯ ಪಾದ ನೋಡಲಿ. ಬೆರಳಿನಿಂದ ಒತ್ತಿದಾಗ ಗುಳಿ ಬಿದ್ದು ಹಾಗೇ ಉಳಿದರೆ, ಅಂದಿನ ಚಹಾವನ್ನು ಅವರೇ ಮಾಡಲಿ.